ಬಸ್‌ಸ್ಟಾಪಿನ ಹಾಡಿಗೆ ಆಧಾರ ವಚನ

ನಮ್ಮ ಕ್ರೈಸ್ತ ಪ್ರೌಢಶಾಲೆಯ ಆವರಣದಲ್ಲಿ ಯಾವುದೇ ಸಿನಿಮಾ ಹಾಡನ್ನಾಗಲಿ ಕವಿತೆಯನ್ನಾಗಲಿ ಬೈಬಲಿನ ಆಧಾರವಿಲ್ಲದೆ ಗುನುಗತಕ್ಕದ್ದಲ್ಲ ಎಂದು ಆಡಳಿತ ಮಂಡಳಿ ತೀರ್ಮಾನಿಸಿತು. ಶಿಳ್ಳೆಗೂ ಇದೇ ನಿಯಮ. ಇದನ್ನು ಸೂಚಿಸಿದ ಹೆಡ್‌ಮಾಸ್ತರರ ಲೆಕ್ಕಾಚಾರ ಸರಳವಾಗಿತ್ತು: ಹಾಡುಗಳೆಲ್ಲ ಬಿದ್ದುಹೋದರೆ, ವಾರ್ಷಿಕೋತ್ಸವಕ್ಕೆ ಬರುವ ಬಿಷಪ್ಪರ ಮುಂದೆ ತಾವೇ ಬರೆದ ಶಾಲಾ ಗೀತೆಯೊಂದೇ ಉಳಿಯುತ್ತದೆ. ಅದಕ್ಕೆ ಅವರು ಇಡೀ ಬೇಸಿಗೆ ರಜೆ ಸುರಿದಿದ್ದರು. ಅವರ ಹೆಂಡತಿ ತವರಿಗೆ ಹೋದದ್ದು ಅದನ್ನು ಕೇಳಲಾರದೆ ಎಂಬುದು ಸ್ಟಾಫ್‌ರೂಮಿನ ಅಂಬೋಣ.

ಪರಿಶೀಲನೆಗೆ ಒಂದು ಸಮಿತಿ ಮಾಡಿ ಬೈಬಲ್ ಪಾಠದ ಟೀಚರನ್ನು ನೇಮಿಸಿದರು. ನಾವೆಲ್ಲ ಅವರನ್ನು ವಚನದಕ್ಕ ಅನ್ನುವುದು; ಸೀಮೆಸುಣ್ಣ ಮುರಿದರೂ ಅದಕ್ಕೊಂದು ವಚನ ಹೇಳುವ ಹೆಂಗಸು. ನಾನು ಡ್ರಿಲ್ ಮಾಸ್ತರ. ಸೀಟಿ ಊದಬಲ್ಲೆ ಎಂಬ ಅರ್ಹತೆಯ ಮೇಲೆ ಸಮಿತಿಯ ಸಂಗೀತ ತಜ್ಞನಾದೆ.

ಹತ್ತನೇ ತರಗತಿಯ ಹುಡುಗಿಯೊಬ್ಬಳು 'ಬಸ್‌ಸ್ಟಾಪಲ್ಲಿ ನಿಂತು ಬೇರು ಬಿಟ್ಟೆ' ಎಂಬ ಹಾಡು ತಂದಳು. ಇದಕ್ಕೆಲ್ಲಿದೆ ಆಧಾರ ಎಂದು ಹೆಡ್‌ಮಾಸ್ತರು ಮೀಸೆಯಡಿಯಲ್ಲೇ ನಕ್ಕರು. ವಚನದಕ್ಕ ಕನ್ನಡಕ ಏರಿಸಿ, ಯಾಕೋಬನು ರಾಹೇಲಳಿಗಾಗಿ ಏಳು ವರ್ಷ ಕುರಿ ಕಾಯ್ದ, ಈ ಹಾಡಿನ ಹುಡುಗ ಬಸ್ಸು ಕಾಯುತ್ತಿದ್ದಾನೆ, ವ್ಯತ್ಯಾಸ ಅಷ್ಟೇ ಎಂದು ಮಂಜೂರು ಮಾಡಿದರು. ಕುಣಿತದ ಹಾಡಿಗೆ ದೇವರ ಮುಂದೆ ಕುಣಿದ ದಾವೀದ ರಾಜ ಸಿಕ್ಕಿದ. ಕುಡಿದು ತೂರಾಡುವ ಹಾಡಿಗೆ, ನಾವೆಯಿಂದಿಳಿದು ದ್ರಾಕ್ಷಾರಸ ಕುಡಿದು ಬಿದ್ದ ನೋಹ ಸಿಕ್ಕಿದ, 'ಜಲಪ್ರಳಯದ ನಂತರ ಮಾತ್ರ' ಎಂಬ ಷರತ್ತಿನೊಂದಿಗೆ. ಒಂದೂ ಬೀಳಲಿಲ್ಲ. ಹೆಡ್‌ಮಾಸ್ತರರ ಮುಖ ಹರಳೆಣ್ಣೆ ಕುಡಿದಂತಾಯಿತು.

ಆಗ ಅದೇ ಹುಡುಗಿ ವಿನಯವಾಗಿ ಎದ್ದು ನಿಂತಳು.

"ಸಾರ್, ಶಾಲಾ ಗೀತೆಗೆ ಆಧಾರ ಯಾವುದು?"

ವಚನದಕ್ಕ ಗೀತೆಯನ್ನು ಗಟ್ಟಿಯಾಗಿ ಓದಿದರು: 'ಮುಗಿಲ ಮುಟ್ಟುವ ನಮ್ಮ ಶಾಲೆ, ಜಗದಿ ಹೆಸರು ಮೆರೆಸೋ ಶಾಲೆ.' ಆಮೇಲೆ ಬೈಬಲಿನ ಪುಟ ತಿರುವಿದರು.

"ಸಿಕ್ತು ಸಾರ್. ಬಾಬೆಲ್ ಗೋಪುರ. ಮುಗಿಲು ಮುಟ್ಟೋ ಹಾಗೆ ಕಟ್ಟಿ ಹೆಸರು ಮಾಡ್ಕೊಳ್ಳೋಣ ಅಂತ ಅವರೂ ಅಂದಿದ್ರು. ದೇವರೇ ಇಳಿದು ಬಂದು ನಿಲ್ಲಿಸಬೇಕಾಯ್ತು."

"ನಾನು ಪ್ರಾಸಕ್ಕೆ ಬರೆದದ್ದು ಟೀಚರ್."

"ಅವರು ಪಾಪ, ಇಟ್ಟಿಗೆನೂ ಸುಟ್ಟಿದ್ರು ಸಾರ್."

ಹೆಡ್‌ಮಾಸ್ತರರ ಕಣ್ಣು ತುಂಬಿತು. ಆದರೆ ದೇವರೇ ನಿಲ್ಲಿಸಿದ್ದು ಆಧಾರವಾಗದು, ನಿಯಮದ ಸುತ್ತೋಲೆಯ ಕೆಳಗೆ ಇದ್ದದ್ದೂ ಅವರದೇ ಸಹಿ; ಉಗುಳುವಂತಿಲ್ಲ, ನುಂಗುವಂತಿಲ್ಲ. ಶಾಲಾ ಗೀತೆ ಕಡ್ಡಾಯ ಎಂಬ ಹಳೆಯ ನಿಯಮವೂ ಇದ್ದುದರಿಂದ, ಅದನ್ನು ದನಿ ತೆಗೆಯದೆ ಹಾಡಬಹುದೆಂದು ಸಮಿತಿ ದಾರಿ ಹುಡುಕಿಕೊಟ್ಟಿತು.

ವಾರ್ಷಿಕೋತ್ಸವದಲ್ಲಿ ಆ ಹುಡುಗಿ ಬಸ್‌ಸ್ಟಾಪಿನ ಹಾಡನ್ನು ಹಾಡಿದಳು. ಬಳಿಕ ಶಾಲಾ ಗೀತೆ ಎಂದು ಘೋಷಣೆಯಾಯಿತು. ಎಲ್ಲರೂ ಎದ್ದು ನಿಂತು, ಪಲ್ಲವಿಯಿಂದ ಕೊನೆಯ ಚರಣದವರೆಗೆ ಮೌನವಾಗಿ ಹಾಡಿದರು. ತಾಳ ನಾನು ಹಾಕಿದೆ, ಗಾಳಿಯಲ್ಲಿ. ಇಷ್ಟು ಹಿತವಾದ ಶಾಲಾ ಗೀತೆಯನ್ನು ತಾವು ಎಲ್ಲೂ ಕೇಳಿಲ್ಲವೆಂದು ಬಿಷಪ್ಪರು ಕವಿಯನ್ನು ಕರೆಸಿ ಶಾಲು ಹೊದಿಸಿದರು.

ಮುಂದಿನ ವರ್ಷಕ್ಕೆ ಇನ್ನೆರಡು ಚರಣ ಸೇರಿಸಲು ಹೆಡ್‌ಮಾಸ್ತರು ಒಪ್ಪಿದ್ದಾರೆ. ಹೆಂಡತಿಯೂ ತವರಿನಿಂದ ಬಂದಿದ್ದಾರೆ.