ಇಟಾಲಿಯನ್‌ನಲ್ಲಿ ‘ಇಲ್ಲ’ ಅನ್ನುವುದು

ಭಾಷೆ ಕಲಿಯುವವರಿಗೆ ಮಾನ ಹೋಗುವ ಪ್ರಸಂಗಗಳು ಊಟದ ಜತೆ ಉಪ್ಪಿನಕಾಯಿಯಂತೆ ಬಂದೇ ಬರುತ್ತವೆ. ಮಧ್ಯಮ ಹಂತ ದಾಟುವಾಗ ನನಗೆ ಬರೀ ಉಪ್ಪಿನಕಾಯಿಯೇ ಊಟವಾಯಿತು. ಮನೆ ದಾವಣಗೆರೆ, ಕೆಲಸ ಹರಿಹರದ ಒಂದು ಯಂತ್ರ ಕಾರ್ಖಾನೆಯಲ್ಲಿ. ಇಟಾಲಿಯನ್‌ನ ಮೇಲಿನ ಹಂತ ಪಾಸಾದರೆ ಇಟಲಿಯಲ್ಲಿ ಆರು ತಿಂಗಳ ತರಬೇತಿ, ಇಲ್ಲದಿದ್ದರೆ ಬೇರೆಯವರು ಹೋಗುತ್ತಾರೆ. ನನಗೋ ಹೋಗಲೇಬೇಕೆಂಬ ಹುಚ್ಚು.

ಹೌದು ಸರ್

ವ್ಯಾಕರಣದ ಪತ್ರಿಕೆ ಸಲೀಸಾಯಿತು. ಆಮೇಲೆ ಆನ್‌ಲೈನಿನಲ್ಲಿ ಮಾತಿನ ಪರೀಕ್ಷೆ. ಎದುರಿಗೆ ಬಿಳಿ ಗಡ್ಡದ ಇಟಾಲಿಯನ್ ಮೇಷ್ಟ್ರು. ಈ ಹಂತದಲ್ಲಿ ಅವರು ಬೇಕೆಂದೇ ತಲೆಕೆಟ್ಟ ಮಾತಾಡುತ್ತಾರೆ, ನಾವು ವಾದ ಮಾಡಬೇಕು. ಆದರೆ ಅಷ್ಟು ವಯಸ್ಸಾದವರಿಗೆ ಎದುರಾಡುವುದು ಹೇಗೆ?

“ಹೆಂಗಸರಿಗೆ ಕಾರ್ಖಾನೆ ಕೆಲಸ ಯಾಕೆ?”

“ನೀವು ಹೇಳೋದು ಸರಿ ಸರ್.”

“ಬೇರೆ ದೇಶದ ಭಾಷೆ ಕಲಿಯೋದು ದಂಡ.”

“ನಿಜ ಸರ್.”

ಫೇಲಾದೆ. ‘ವ್ಯಾಕರಣ ಚೆನ್ನಾಗಿದೆ, ಸ್ವಂತ ಅಭಿಪ್ರಾಯವಿಲ್ಲ’ ಎಂದು ಬರೆದಿದ್ದರು. ನನಗೆ ಅಳು ಬಂತು. ನನ್ನವರು ಅದನ್ನು ಓದಿ, “ಈ ವಿನಯ ಇಟಾಲಿಯನ್‌ನಾಗೆ ಮಾತ್ರ ಐತೇನು?” ಅಂದರು.

ಉಕ್ಕಡಗಾತ್ರಿ ಬಸ್ಸು

ಇನ್ನೊಂದೇ ಅವಕಾಶ ಉಳಿದಿತ್ತು. ಅತ್ತೆ ಹರಕೆ ಹೊರಲು ನನ್ನನ್ನು ಉಕ್ಕಡಗಾತ್ರಿಗೆ ಕರೆದುಕೊಂಡು ಹೊರಟರು. ಗಾಳಿ ಸೋಕಿದವರನ್ನು, ದೆವ್ವ ಹಿಡಿದವರನ್ನು ಕರೆತರುವ ಅಜ್ಜಯ್ಯನ ಕ್ಷೇತ್ರ ಅದು. ನಾನು ಬಸ್ಸಿನಲ್ಲಿ ಕಣ್ಣು ಮುಚ್ಚಿ, ತಲೆ ಆಡಿಸುತ್ತ, “ಸೆ ಫೊಸ್ಸಿ ವೆನೂತಾ, ಸೆ ಫೊಸ್ಸಿ ಅಂದಾತಾ” ಎಂದು ‘ಬಂದಿದ್ದರೆ, ಹೋಗಿದ್ದರೆ’ ಅನ್ನುವ ಇಟಾಲಿಯನ್ ಕ್ರಿಯಾಪದ ಬಾಯಿಪಾಠ ಮಾಡುತ್ತಿದ್ದೆ.

ಪಕ್ಕದ ಹೆಂಗಸು ಮೆಲ್ಲಗೆ ಅತ್ತೆಯನ್ನು ಕೇಳಿದಳು: “ಸೊಸೀಗೆ ಯಾವಾಗಿಂದ ಹಿಂಗೈತ್ರಿ?”

“ಎರಡು ವರ್ಸ ಆತು. ಮೊದ್ಲು ಸಂಜೀಗೆ ಅಷ್ಟೇ ಇತ್ತು, ಈಗ ಬೆಳಿಗ್ಗೇನೂ ಬರ್ತೈತೆ.”

“ಚಿಂತಿ ಮಾಡಬ್ಯಾಡ್ರಿ, ಅಜ್ಜಯ್ಯ ಬಿಡಿಸ್ತಾನ.”

ಅತ್ತೆ ಗಾಬರಿಯಾದರು. “ಬಿಡಿಸೋದು ಬ್ಯಾಡ್ರಿ, ಪಾಸ್ ಮಾಡಿಸಿದ್ರೆ ಸಾಕು.”

ಚಟ್ನಿಗೆ ಮುಂಚೆ

ಎರಡನೇ ಸಲವೂ ಅದೇ ಮೇಷ್ಟ್ರು. ಇದೂ ಹೋದರೆ ಇಟಲಿ ಅಲ್ಲಿಗೆ ಮುಗಿಯಿತು.

“ಬೆಳಿಗ್ಗೆ ಒಂದು ಕಾಫಿ, ಒಂದು ಬಿಸ್ಕತ್ತು ಸಾಕು,” ಅಂದರು ಅವರು. “ಬಿಸಿಬಿಸಿ, ಖಾರ, ಜಿಡ್ಡು ತಿನ್ನುವವರಿಗೆ ರುಚಿಯೇ ಗೊತ್ತಿಲ್ಲ.”

ದಾವಣಗೆರೆಯವಳ ಮುಂದೆ ಆಡುವ ಮಾತೇ ಇದು? ಹಿರಿಯರು, ಗಡ್ಡ, ವಿನಯ ಎಲ್ಲ ಮರೆತು “ಇಲ್ಲ” ಅಂದೆ. ಬೆಣ್ಣೆ ದೋಸೆಯ ಕಾವಲಿಯಿಂದ ಶುರು ಮಾಡಿದವಳು ಸೌದೆ ಒಲೆ, ಬೆಣ್ಣೆ, ಆಲೂಗಡ್ಡೆ ಪಲ್ಯ ಎಂದು ಉಸಿರು ಬಿಡದೆ ಹೇಳುತ್ತ ಹೋದೆ. ಮೇಷ್ಟ್ರು ಎರಡು ಸಲ ಕೈ ಎತ್ತಿ, ಸಮಯ ಮುಗಿಯಿತು ಅಂದರು.

“ತಡೀರಿ ಸರ್, ಚಟ್ನಿ ವಿಷಯ ಇನ್ನೂ ಬಂದಿಲ್ಲ,” ಅಂದೆ.

ಪಾಸಾದೆ. ಫಲಿತಾಂಶದ ಕೆಳಗೆ ಮೇಷ್ಟ್ರು ಬರೆದಿದ್ದರು: ‘ವ್ಯಾಕರಣದಲ್ಲಿ ತಪ್ಪುಗಳಿವೆ. ತಿದ್ದಲು ನನಗೆ ಧೈರ್ಯ ಬರಲಿಲ್ಲ.’