ರೇಡಿಯೋಗ್ರಾಮಿನ ಗಟಗಟ

ಸದ್ದು ಬಂದದ್ದು ಬೆಳಿಗ್ಗೆ ಹತ್ತು ಗಂಟೆಗೆ. ನೊಣವಿನಕೆರೆಯ ಮೋಟಾರು ರಿಪೇರಿ ಬೆಟ್ಟಸ್ವಾಮಿಯೂ ಪಕ್ಕದ ಮನೆಯ ಹುಚ್ಚರಂಗಯ್ಯನೂ ಆಚೀಚೆ ಹಿಡಿದು ಆ ಹಳೆಯ ರೇಡಿಯೋಗ್ರಾಮನ್ನು ಒಳಕೋಣೆಯಿಂದ ಪಡಸಾಲೆಗೆ ಎತ್ತಿ ತರುತ್ತಿದ್ದಾಗ, ಅದರ ಹೊಟ್ಟೆಯೊಳಗೆ ಏನೋ ಗಟಗಟ ಎಂದಿತು. ಬೆಟ್ಟಸ್ವಾಮಿ ಪೆಟ್ಟಿಗೆಯನ್ನು ಅಲ್ಲೇ ಇಳಿಸಿದ.

ಸಂಜೆ ನಾಲ್ಕಕ್ಕೆ ಮೈಸೂರಿನ ಗಿರಾಕಿ ಮಹಾಂತೇಶ್ ಗಾಡಿ ಸಮೇತ ಬರುವವನಿದ್ದ. ಅಷ್ಟರಲ್ಲಿ ಈ ಗಟಗಟ ನಿಲ್ಲಬೇಕಿತ್ತು.

ಎಂಟು ತಿಂಗಳ ಹಿಂದೆ ಶೆಟ್ಟಿಕೆರೆಯ ಒಂದು ಮನೆಯವರು ಬಾವಿ ಮೋಟಾರು ಸರಿಮಾಡಿಸಿಕೊಂಡು, ಕೂಲಿಯ ಬದಲು ಈ ಪೆಟ್ಟಿಗೆ ಕೊಟ್ಟಿದ್ದರು. ಮೇಲಿನ ಮುಚ್ಚಳ ಎತ್ತಿದರೆ ರೆಕಾರ್ಡ್ ಹಾಕುವ ಜಾಗ, ಕೆಳಗೆ ಎಡಕ್ಕೆ ಹಚ್ಚಿದರೆ ಬಿಸಿಯಾಗುವ ಗಾಜಿನ ವಾಲ್ವುಗಳ ರೇಡಿಯೋ, ಬಲಕ್ಕೆ ರೆಕಾರ್ಡ್ ತಟ್ಟೆಗಳನ್ನಿಡುವ ಬೀಗದ ಗೂಡು. ಬಂದಾಗ ಅದರಲ್ಲಿ ಇಲಿ ಸಂಸಾರವೇ ಇತ್ತು. ಬೆಟ್ಟಸ್ವಾಮಿ ತಂತಿ ಬದಲಿಸಿದ, ಎಲ್ಲೆಲ್ಲಿಂದಲೋ ವಾಲ್ವ್ ತರಿಸಿದ, ಮರ ಉಜ್ಜಿ ಉಜ್ಜಿ ಮುಖ ಕಾಣುವಂತೆ ಮಾಡಿದ. ಯುಗಾದಿಯ ಹೊತ್ತಿಗೆ ಅದು ಹಾಡಿತು. ಆ ದಿನ ಅವನು ಊಟ ಮಾಡಲಿಲ್ಲ, ಸುಮ್ಮನೆ ಅದರ ಮುಂದೆ ಕೂತಿದ್ದ.

ಇದನ್ನೆಲ್ಲ ಸಹಿಸದವನು ಬಾಮೈದ ದಯಾನಂದ್, ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವನು. ಅಕ್ಕ ದ್ರಾಕ್ಷಾಯಣಮ್ಮನ ಎದುರಿಗೇ ಅವನು ಕರಾರು ಹಾಕಿದ್ದ. "ಭಾವ, ಗೌರಿಹಬ್ಬದೊಳಗೆ ಇದನ್ನ ಮಾರಿ ತೋರ್ಸಿ. ಮಂಡಿ ಸುದ್ದಿ ಇನ್ನು ಎತ್ತಲ್ಲ. ಮಾರಕ್ಕಾಗ್ಲಿಲ್ವಾ, ಅಂಗಡಿ ಮುಚ್ಚಿ ಬಂದು ನನ್ನ ಮಂಡೀಲಿ ಕೂತ್ಕೊಳ್ಳಿ." ಬಾಮೈದನ ಕೈಕೆಳಗೆ ಕೂತು, ದಿನವಿಡೀ ಕೊಬ್ಬರಿ ಧೂಳಿಗೆ ಸೀನುವುದನ್ನು ನೆನೆದರೆ ಬೆಟ್ಟಸ್ವಾಮಿಗೆ ನಿದ್ದೆ ಬರುತ್ತಿರಲಿಲ್ಲ. ಗೌರಿಹಬ್ಬ ನಾಳೆ. ಸಾಕ್ಷಿ ನೋಡಲು ದಯಾನಂದ್ ಬೆಳಿಗ್ಗೆಯೇ ಬಂದು ಜಗಲಿಯ ಮೇಲೆ ಕಾಲು ಚಾಚಿದ್ದ.

ಬೆಟ್ಟಸ್ವಾಮಿಗಿದ್ದ ಒಂದೇ ಸಮಾಧಾನ ಹೆಂಡತಿ. ಮೊದಮೊದಲು ರೇಡಿಯೋಗ್ರಾಮ್ ಕಂಡರೆ ಮೂತಿ ತಿರುಗಿಸುತ್ತಿದ್ದ ದ್ರಾಕ್ಷಾಯಣಮ್ಮ, ಯುಗಾದಿ ಕಳೆದ ಮೇಲೆ ತಾನೇ ತಾನಾಗಿ ಬದಲಾಗಿದ್ದಳು. ದಿನಾ ಸಂಜೆ ದೀಪ ಹಚ್ಚಿದ ಕೂಡಲೇ, "ಇವತ್ತು ಹಾಡು ಹಾಕಲ್ವಾ? ಇನ್ನೊಂದ್ ಸ್ವಲ್ಪ ಹೊತ್ತು ಇರ್ಲಿ ಬುಡಿ" ಎನ್ನುತ್ತಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಹೆಂಡತಿಗೆ ಸಂಗೀತ ಹಿಡಿಸಿದ್ದು ಇದೇ ಮೊದಲೆಂದು ಬೆಟ್ಟಸ್ವಾಮಿ ಒಳಗೊಳಗೇ ಹಿಗ್ಗಿದ್ದ.

ಹುಚ್ಚರಂಗಯ್ಯ ಪೆಟ್ಟಿಗೆಯನ್ನು ಇನ್ನೊಮ್ಮೆ ಅಲ್ಲಾಡಿಸಿ ಕಿವಿಗೊಟ್ಟ. ಊರಿನ ಅಟ್ಟಗಳ ಮೇಲೆ ಹನ್ನೊಂದು ತಿಂಗಳು ಒಣಗಲು ಇಟ್ಟ ಕಾಯಿಗಳನ್ನೆಲ್ಲ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಹೇಳುವವನು ಅವನೇ.

"ಬೆಟ್ಟಸ್ವಾಮಿ, ಇದು ಹನ್ನೊಂದು ತಿಂಗಳ ಕಾಯಿ ಸದ್ದು ಕಣ್ಲಾ. ಕೊಬ್ಬರಿ ಚೆನ್ನಾಗಿ ಬಿಟ್ಟೈತೆ."

"ಸುಮ್ಕಿರಣ್ಣ, ನನಗೆ ಜೀವ ಹೋಗ್ತೈತೆ, ನಿನಗೆ ತಮಾಷೆ."

ಬೆಟ್ಟಸ್ವಾಮಿ ಹಿಂಬದಿಯ ಹಲಗೆ ಬಿಚ್ಚಿದ. ಸ್ಪೀಕರ್ ಮುಟ್ಟಿದ, ಮೋಟಾರ್ ಮುಟ್ಟಿದ, ಒಂದೊಂದೇ ತಿರುಪು ಬಿಗಿ ಮಾಡಿದ. ಕಳಚಿದ್ದು ಏನೂ ಇರಲಿಲ್ಲ. ಅಲ್ಲಾಡಿಸಿದರೆ ಮತ್ತೆ ಗಟಗಟ. ಗಂಟೆ ಹನ್ನೆರಡಾಯಿತು.

"ದ್ರಾಕ್ಷಾಯಣಿ, ಆ ತಟ್ಟೆ ಗೂಡಿನ ಕೀ ಎಲ್ಲಿಟ್ಟೆ?"

ಅವಳ ಕೈ ಸೊಂಟದ ಗೊಂಚಲಿಗೆ ಹೋಗಿ ಹಾಗೇ ನಿಂತಿತು. "ಎಲ್ಲೋ ಐತೆ, ಹುಡುಕ್ಬೇಕು. ಅದ್ರಾಗೆ ಏನೈತೆ ಅಂತ? ನಿಮ್ಮತ್ರ ಇರೋದೇ ಒಂದು ತಟ್ಟೆ. ಅದೂ ಮೇಲೇ ಐತೆ." ಆಮೇಲೆ ದನಿ ತಗ್ಗಿಸಿ, "ನೀವಿಬ್ರೂ ಒಂದ್ ಗಳಿಗೆ ಹೋಟ್ಲಿಗೆ ಹೋಗಿ ಕಾಫಿ ಕುಡ್ಕೊಂಡ್ ಬನ್ನಿ" ಎಂದಳು.

"ಈಗ ಕಾಫಿ ಕುಡಿಯೋ ಹೊತ್ತಾ?" ಎಂದು ಬೆಟ್ಟಸ್ವಾಮಿ ಗದರಿ, ಮತ್ತೆ ತಿರುಪುಳಿ ಹಿಡಿದ.

ಎರಡು ಗಂಟೆಗೆ ಎದುರು ಮನೆಯ ಭೈರಮ್ಮಜ್ಜಿ ಬಂದರು. ಕೈಯಲ್ಲಿ ಸುಲಿದ ತೆಂಗಿನಕಾಯಿ, ಕುಂಕುಮ. "ಇಷ್ಟು ದಿನ ಮನೇಲಿ ಹಾಡಿದ ವಸ್ತು ಕಣಪ್ಪ. ಬರಿಗೈಲಿ ಹೊಸಿಲು ದಾಟಿಸಬಾರ್ದು."

ಬೇಡ ಎನ್ನುವಷ್ಟರಲ್ಲಿ ಅಜ್ಜಿ ಕಾಯಿಯನ್ನು ಪಕ್ಕದ ಕಬ್ಬಿಣದ ಸ್ಟೂಲಿಗೆ ಕುಟ್ಟಿಯೇ ಬಿಟ್ಟರು. ಆಗಷ್ಟೇ ಹಾಕಿ ನೋಡಿ ಆರಿಸಿದ್ದ ವಾಲ್ವುಗಳು ಇನ್ನೂ ಬಿಸಿಯಾಗಿದ್ದವು. ತೆರೆದ ಹಿಂಬದಿಯೊಳಕ್ಕೆ ಕಾಯಿನೀರು ಚಿಮ್ಮಿ, ಚುಂಯ್ ಎಂದು ಹೊಗೆ ಎದ್ದಿತು.

"ನೋಡು, ಧೂಪನೂ ಆಯ್ತು" ಎಂದರು ಅಜ್ಜಿ.

ಬೆಟ್ಟಸ್ವಾಮಿಗೆ ಅಳು ಬರುವುದೊಂದು ಬಾಕಿ. ಹುಚ್ಚರಂಗಯ್ಯನ ಜೊತೆ ಪೆಟ್ಟಿಗೆಯನ್ನು ಬಿಸಿಲಿಗೆ ಎಳೆದು, ಬನಿಯನ್ನಿನಲ್ಲಿ ಒರೆಸಿ, ಬಾಯಲ್ಲಿ ಊದಿದ. ಒಂದು ವಾಲ್ವ್ ಬಿರುಕು ಬಿಟ್ಟಿತ್ತು. ಇದ್ದೊಂದು ಹಳೆಯದನ್ನು ಹುಡುಕಿ ಹಾಕಿದ. ಪೆಟ್ಟಿಗೆಯನ್ನು ಮತ್ತೆ ಒಳಗೆ ತಂದು ಇನ್ನೇನು ಗುಂಡಿ ಒತ್ತಬೇಕು, ಮೂರಕ್ಕೆ ಕರೆಂಟ್ ಹೋಯಿತು. ಲೈನ್ ಕೆಲಸ, ಐದರವರೆಗೂ ಬರುವುದಿಲ್ಲವೆಂದು ಯಾರೋ ಬೀದಿಯಲ್ಲಿ ಹೇಳಿಕೊಂಡು ಹೋದರು.

"ಭಾವ, ನಾಳೆ ಹಬ್ಬ. ನಾಳಿದ್ದು ಬೆಳಿಗ್ಗೆ ಎಂಟಕ್ಕೆ ಮಂಡಿ ಬಾಗ್ಲು ತೆಗೀತೀವಿ" ಎಂದ ದಯಾನಂದ್, ಜಗಲಿಯಿಂದ ಏಳದೆಯೇ.

ನಾಲ್ಕಕ್ಕೆ ಸರಿಯಾಗಿ ಮಹಾಂತೇಶ್ ಬಂದ. ಕನ್ನಡಕ ತೆಗೆದು ಪೆಟ್ಟಿಗೆಯ ಸುತ್ತ ಎರಡು ಸುತ್ತು ಹಾಕಿದ. ಮರ ಸವರಿ ತಲೆದೂಗಿದ. "ಹಾಡ್ತದಾ?"

"ಹಾಡ್ತದೆ ಸಾರ್. ಕರೆಂಟ್ ಬರ್ಲಿ."

ಇಪ್ಪತ್ತು ನಿಮಿಷ ಕಳೆಯಿತು. ಮಹಾಂತೇಶ್ ಗಡಿಯಾರ ನೋಡಿಕೊಂಡ. ಬೆಟ್ಟಸ್ವಾಮಿ ಬಲ್ಬನ್ನೇ ನೋಡುತ್ತ ನಿಂತಿದ್ದ. ಹೊರಡುತ್ತೇನೆಂದು ಮಹಾಂತೇಶ್ ಎದ್ದಾಗ, ಐದಾಗುವ ಮೊದಲೇ, ಬಲ್ಬು ಹತ್ತಿತು. ಗುಂಡಿ ಒತ್ತಿದ ಮೇಲೂ ಪೆಟ್ಟಿಗೆ ಅರ್ಧ ನಿಮಿಷ ಮೂಕವಾಗಿತ್ತು. ಆಮೇಲೆ ಒಂದು ಗೊರಗೊರ, ಅದರ ಹಿಂದೆಯೇ ಕೊಳಲು. ಪಡಸಾಲೆ ತುಂಬಿಹೋಯಿತು. ಮಹಾಂತೇಶನ ಕಣ್ಣುಗಳು ಒದ್ದೆಯಾದವು.

"ನಮ್ಮ ತಾತನ ಮನೆಯಲ್ಲಿ ಹೀಗೇ ಇತ್ತು. ನೀವು ಹೇಳಿದ ಬೆಲೆಗೇ ತಗೊಳ್ತೀನಿ" ಎಂದ.

ಬೆಟ್ಟಸ್ವಾಮಿ ಬಾಮೈದನ ಕಡೆ ನೋಡಿದ. ಎಂಟು ತಿಂಗಳಲ್ಲಿ ಮೊದಲ ಸಲ ದಯಾನಂದ್ ಕಾಲು ಮಡಿಸಿ ಕೂತಿದ್ದ.

ನಾಲ್ಕು ಜನ ಪೆಟ್ಟಿಗೆ ಎತ್ತಿದರು. ಗಟಗಟ.

ಮಹಾಂತೇಶ್ ಅದನ್ನು ಕೆಳಗಿಡಿಸಿದ. "ಒಳಗೆ ಏನೋ ಮುರಿದಿದೆ. ಆ ಗೂಡು ತೆಗೀರಿ."

ಎಲ್ಲರೂ ದ್ರಾಕ್ಷಾಯಣಮ್ಮನ ಸೊಂಟ ನೋಡಿದರು. ಅವಳು ತಲೆ ತಗ್ಗಿಸಿ ಗೊಂಚಲು ಬಿಚ್ಚಿ, ತಾನೇ ಹೋಗಿ ಬೀಗ ತೆಗೆದಳು. ಹಳೆಯ ಸೀರೆಯಲ್ಲಿ ಬಿಗಿಯಾಗಿ ಸುತ್ತಿದ ಮೂರು ತೆಂಗಿನಕಾಯಿಗಳು ಬೆಚ್ಚಗೆ ಕೂತಿದ್ದವು.

"ಅಟ್ಟದ ಮೇಲೆ ಹೆಗ್ಗಣ ಕಾಟ" ಎಂದಳು ಅವಳು. "ಇದೊಂದೇ ಬೀಗ ಇರೋ ಜಾಗ. ಬೆಚ್ಚಗೂ ಇತ್ತು."

"ನಾನು ಬೆಳಿಗ್ಗೇನೇ ಹೇಳ್ದೆ" ಎಂದ ಹುಚ್ಚರಂಗಯ್ಯ.

ಮಹಾಂತೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಷ್ಟೇ ತಾನೇ? ನಾನೆಲ್ಲೋ ಮೋಟಾರ್ ಹೋಗಿದೆ ಅಂದ್ಕೊಂಡೆ. ಎತ್ತಿ, ಗಾಡಿಗೆ ಹಾಕೋಣ."

ಬೆಟ್ಟಸ್ವಾಮಿ ಬದುಕಿದೆನೆಂದು ಉಸಿರು ಬಿಟ್ಟ. ಅಷ್ಟರಲ್ಲಿ ದಯಾನಂದ್ ಒಂದು ಕಾಯಿ ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದ. ಅವನ ಮುಖ ಗಂಭೀರವಾಯಿತು. ಹುಚ್ಚರಂಗಯ್ಯನ ಮಚ್ಚು ಇಸಿದುಕೊಂಡು ಸುಲಿದು, ಚಿಪ್ಪು ಒಡೆದ. ಒಳಗಿಂದ ದುಂಡನೆಯ ಕೊಬ್ಬರಿ ಇಡಿಯಾಗಿ ಉರುಳಿತು. ಒಂದು ಚೂರು ಕಚ್ಚಿ ನೋಡಿದ.

"ಅಕ್ಕ, ಯಾವಾಗ ಇಟ್ಟೆ?"

"ಯುಗಾದಿ ಮಾರನೇ ದಿನ."

"ಹನ್ನೊಂದು ತಿಂಗಳ ಕೆಲಸ ಐದೇ ತಿಂಗಳಿಗಾ?" ದಯಾನಂದ್ ಎದ್ದು ಹೋಗಿ ರೇಡಿಯೋಗ್ರಾಮಿನ ಮೇಲೆ ಕೈಯಿಟ್ಟ, ಹಸುವಿನ ಬೆನ್ನು ತಟ್ಟುವ ಹಾಗೆ. "ಸಾರ್, ಇದು ಮಾರಾಟಕ್ಕಿಲ್ಲ. ನಾನೇ ತಗೊಂಡೆ. ನೀವು ಒಪ್ಪಿದ್ದಕ್ಕಿಂತ ಮೇಲೇ ಕೊಡ್ತೀನಿ."

"ನಾನು ಅವರಿಗೆ ಮಾತು ಕೊಟ್ಟಿದೀನಿ ಕಣಪ್ಪ" ಎಂದ ಬೆಟ್ಟಸ್ವಾಮಿ.

"ಮನೆ ವಸ್ತು ಮನೇಲೇ ಇರ್ಲಿ, ತಮ್ಮಂಗೇ ಕೊಡ್ರಿ" ಎಂದಳು ದ್ರಾಕ್ಷಾಯಣಮ್ಮ. ಅಕ್ಕ, ತಮ್ಮ, ಬೆಟ್ಟಸ್ವಾಮಿ ಮೂವರೂ ಒಟ್ಟಿಗೆ ಮಾತಾಡತೊಡಗಿದ್ದನ್ನು ಕಂಡು ಮಹಾಂತೇಶ್ ಕನ್ನಡಕ ಹಾಕಿಕೊಂಡು ಮೆಲ್ಲಗೆ ಗಾಡಿ ಹತ್ತಿದ. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಬೆಟ್ಟಸ್ವಾಮಿ ಬಾಗಿಲಲ್ಲೇ ನಿಂತಿದ್ದ.

"ಹೋಗ್ಲಿ, ಮಾರಾಟವಾಯ್ತಲ್ಲ. ಮಂಡಿ ಸುದ್ದಿ ಎತ್ತಂಗಿಲ್ಲ" ಎಂದು ಕೊನೆಗೆ ಬಾಮೈದನಿಗೆ ನೆನಪಿಸಿದ.

"ಮಂಡಿ ಕೆಲಸಕ್ಕೆ ಯಾರು ಕರೆದ್ರು ಭಾವ? ಇದನ್ನ ದಿನಾ ಹಚ್ಚೋರು, ಆರಿಸೋರು, ರಿಪೇರಿ ಮಾಡೋರು ಬೇಡ್ವಾ? ನಾಳಿದ್ದು ಎಂಟಕ್ಕೆ ಬನ್ನಿ. ಇಂಥವೇ ಇನ್ನೂ ಹತ್ತು ಹುಡುಕಿ ತರೋಣ. ಆಮೇಲೆ ಈ ಹಾಡೋ ಸಾಮಾನೆಲ್ಲ ಕಿತ್ತಾಕಿ, ಬಿಸಿಯಾಗೋದು ಮಾತ್ರ ಇರ್ಲಿ. ಇನ್ನೂ ಎಂಟು ಕಾಯಿ ಹಿಡೀತದೆ."

ಬೆಟ್ಟಸ್ವಾಮಿ ಹೆಂಡತಿಯ ಕಡೆ ತಿರುಗಿದ.

"ಹಂಗಾದ್ರೆ ದಿನಾ ಸಂಜೆ ಹಾಡು ಹಾಕಿ, ಇನ್ನೊಂದ್ ಸ್ವಲ್ಪ ಹೊತ್ತು ಇರ್ಲಿ ಅಂತಿದ್ದೆಯಲ್ಲೇ?"

ದ್ರಾಕ್ಷಾಯಣಮ್ಮ ಉಳಿದೆರಡು ಕಾಯಿಗಳನ್ನು ಸೀರೆಯಲ್ಲಿ ಸುತ್ತಿ ಮತ್ತೆ ಗೂಡಿನೊಳಗಿಟ್ಟು ಬೀಗ ಹಾಕಿದಳು.

"ಕಾಯಿಗೆ ಶಾಖ ಬೇಡ್ವೇನ್ರೀ?" ಎಂದಳು. "ದೀಪ ಹಚ್ಚೋ ಹೊತ್ತಾಯ್ತು. ಹಾಕಿ."

ಬೆಟ್ಟಸ್ವಾಮಿ ಹೋಗಿ ಗುಂಡಿ ಒತ್ತಿದ.