ಮೂರು ಚೂರಿ, ಒಂದು ಕುತ್ತಿಗೆ

ಹರಿತ ಎಂಬುದು ಚೂರಿಯ ಗುಣವೆಂದು ನಾನು ಬಹಳ ಕಾಲ ನಂಬಿದ್ದೆ. ಬಿ.ಕಾಂ. ಓದಿದವನು, ಕಣ್ಣಿಗೆ ಕಂಡದ್ದಕ್ಕೆಲ್ಲ ಅಂಕ ಹಾಕಿ, ಕೂಡಿ, ಕೆಳಗೊಂದು ಗೆರೆ ಎಳೆದರೆ ಸತ್ಯ ಸಿಕ್ಕಿತು ಎಂದುಕೊಳ್ಳುವ ಪೈಕಿ. ಈಗ ಆ ನಂಬಿಕೆ ಹೋಗಿದೆ. ಅದರ ಜಾಗದಲ್ಲಿ ಒಂದು ದುರಭ್ಯಾಸ ಬಂದು ಕೂತಿದೆ: ಶಲ್ಯ ಹೊದ್ದವರು ಯಾರಾದರೂ ಎದುರಿಗೆ ಬಂದರೆ ನನ್ನ ಕೈ ತಾನಾಗಿಯೇ ನನ್ನ ಕೊರಳಪಟ್ಟಿಗೆ ಹೋಗುತ್ತದೆ. ಮದುವೆಮನೆಗಳಲ್ಲಿ ಇದರಿಂದ ಬಹಳ ತೊಂದರೆ. ಪಾಪ, ಸೆಕೆಯಾಗುತ್ತಿದೆ ಎಂದುಕೊಂಡು ಬೀಗರು ನನ್ನನ್ನು ಫ್ಯಾನಿನ ಕೆಳಗೆ ಕೂರಿಸುತ್ತಾರೆ. ಫ್ಯಾನಿನ ಕೆಳಗೆ ಶಲ್ಯಗಳು ಇನ್ನೂ ಜೋರಾಗಿ ಹಾರಾಡುತ್ತವೆ.

ನಾನು ಚಿಂತಾಮಣಿಯಲ್ಲಿ ಹನಿ ನೀರಾವರಿ ಪೈಪು ಮಾರುವ ಒಂದು ಕಂಪನಿಯ ಶಾಖೆಯಲ್ಲಿ ಲೆಕ್ಕ ಬರೆಯುವವನು. ಪೈಪು ಮಾರುವ ಕಡೆ ಜೇಬಿನಲ್ಲಿ ಪೆನ್ನಿಲ್ಲದಿದ್ದರೂ ನಡೆದೀತು, ಚೂರಿ ಇಲ್ಲದಿದ್ದರೆ ನಡೆಯದು. ನಮ್ಮಲ್ಲಿ ಅಂಥ ಜೇಬುಗಳು ಮೂರಿದ್ದವು. ಸೇಲ್ಸ್ ನೋಡಿಕೊಳ್ಳುವ ಪ್ರದೀಪನದು ಆನ್‌ಲೈನಿನಲ್ಲಿ ತರಿಸಿದ ಫಾರಿನ್ ಚೂರಿ; ಅದರ ಹೊಟ್ಟೆಯೊಳಗೆ ಕತ್ತರಿ, ಸ್ಕ್ರೂಡ್ರೈವರು, ಹಲ್ಲುಕಡ್ಡಿ, ಬಾಟಲಿ ಓಪನರು ಎಲ್ಲ ಮಡಿಸಿಕೊಂಡು ಮಲಗಿದ್ದವು. ಸ್ಟೋರಿನ ನಜೀರ್ ಸಾಬರದು ಅವರ ತಂದೆಯ ಕಾಲದ್ದು. ತಂದೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುತ್ತಿದ್ದವರು. ಸಾಣೆ ಹಿಡಿದು ಹಿಡಿದು ಆ ಚೂರಿಯ ಅಲಗು ಹುಣಸೆಕಾಯಿಯಷ್ಟು ಸಪೂರವಾಗಿತ್ತು. ಜೀಪಿನ ಡ್ರೈವರ್ ವೆಂಕಟರವಣಪ್ಪನದು ಮಂಚೇನಹಳ್ಳಿಯ ಕುಲುಮೆಯಲ್ಲಿ ಮಾಡಿಸಿದ್ದು. ಅದನ್ನು ಮಡಿಸಬೇಕಾದರೆ ಮೊಣಕಾಲು ಬೇಕಿತ್ತು.

ಮೂವರು ಗಂಡಸರ ಬಳಿ ಮೂರು ಚೂರಿ ಇದ್ದ ಮೇಲೆ ಯಾವುದು ಹೆಚ್ಚು ಎಂಬ ಪ್ರಶ್ನೆ ಬಾರದಿರುತ್ತದೆಯೇ? ಶನಿವಾರ ಊಟವಾದ ಮೇಲೆ ಗೋಡೌನಿನಲ್ಲಿ ಪರೀಕ್ಷೆ. ಪೈಪಿನ ತುಂಡು, ಗೋಣಿದಾರ, ತೂಗುಬಿಟ್ಟ ಕಾಗದ, ಮಂಡಿಯಿಂದ ತಂದ ಟೊಮೊಟೊ, ಕೊನೆಗೆ ಮುಂಗೈ ಕೂದಲು. ಕೆಲವೇ ವಾರಗಳಲ್ಲಿ ಮೂವರ ಎಡಗೈಗಳೂ ಎಳೆಸೌತೆಯಂತೆ ನುಣ್ಣಗಾದವು. ಸ್ವಂತ ಚೂರಿ ಇಲ್ಲದ್ದರಿಂದ, ಓದಿದವನೂ ಆದ್ದರಿಂದ, ನಾನೇ ತೀರ್ಪುಗಾರ. ಪ್ರದೀಪನ ಚೂರಿ ಯಾವಾಗಲೂ ಮೊದಲು, ನಜೀರ್ ಸಾಬರದು ಕೂದಲೆಳೆಯಷ್ಟು ಹಿಂದೆ. ವೆಂಕಟರವಣಪ್ಪನ ಚೂರಿ ಟೊಮೊಟೊವನ್ನು ಕೊಯ್ಯುತ್ತಿರಲಿಲ್ಲ, ಕಾಡಿ ಬೇಡಿ ಒಪ್ಪಿಸುತ್ತಿತ್ತು.

"ನಿಂದು ಗೊಜ್ಜು ಮಾಡೋಕೆ ಸರಿ ಕಣಣ್ಣ," ಎಂದು ಪ್ರದೀಪ ನಗುತ್ತಿದ್ದ.

"ಏಮಪ್ಪಾ, ನಿಂದೇನು ಚೂರೀನಾ, ಕಿರಾಣಿ ಅಂಗಡೀನಾ? ಹಲ್ಲಲ್ಲಿ ಸಿಕ್ಕೊಂಡಿದ್ ತೆಗೆಯೋಕೆ ಇಷ್ಟು ದುಡ್ಡು ಕೊಟ್ಟು ತರಿಸ್ದೆ," ಎಂದು ವೆಂಕಟರವಣಪ್ಪ.

ಹೀಗಿರುವಾಗ ಕಳೆದ ವರ್ಷದ ಆಯುಧಪೂಜೆ ಬಂತು. ನಮ್ಮ ಮ್ಯಾನೇಜರ್ ನಂಜುಂಡಯ್ಯನವರು ಹೊಸ ರೇಷ್ಮೆ ಶಲ್ಯ ಹೊದ್ದು ಪೂಜೆಗೆ ನಿಂತರು. ಬಗ್ಗಿದಾಗಲೆಲ್ಲ ಜಾರುತ್ತದೆಂದು ಅದನ್ನು ಗಂಟಲ ಬಳಿ ಗಂಟು ಹಾಕಿಕೊಂಡಿದ್ದರು. ಜೀಪು ತೊಳೆದು, ಹಾರ ಹಾಕಿ, ನಾಲ್ಕು ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಾಗಿತ್ತು. ಪಕ್ಕದ ಸ್ಟೂಲಿನ ಮೇಲೆ ಹಿತ್ತಾಳೆ ತಟ್ಟೆ. ಅದರಲ್ಲಿ ನಮ್ಮ ಮೂರು ಚೂರಿಗಳು, ಮೈತುಂಬ ಅರಿಶಿನ ಕುಂಕುಮ. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ಇಡೀ ವರ್ಷ ಕೊಯ್ದ ಚೂರಿಗೆ ಅದೊಂದು ದಿನ ರಜೆ.

ಮುಂದಿನ ಚಕ್ರದ ನಿಂಬೆಹಣ್ಣು ತುಸು ಹೊರಳಿತ್ತು. ಅದನ್ನು ಸರಿಪಡಿಸಲು ನಂಜುಂಡಯ್ಯನವರು ಬಗ್ಗಿದರು. ಅದೇ ಹೊತ್ತಿಗೆ ನಾನು ಗಂಟೆ ಬಾರಿಸಿದೆ. ಹೊರಡು ಎಂದರ್ಥವೆಂದು ತಿಳಿದ ವೆಂಕಟರವಣಪ್ಪ ಜೀಪು ಬಿಟ್ಟ. ಚಕ್ರ ನಿಂಬೆಹಣ್ಣನ್ನೂ ಹತ್ತಿತು, ನೆಲಕ್ಕೆ ಇಳಿಬಿದ್ದಿದ್ದ ಶಲ್ಯದ ಸೆರಗನ್ನೂ ಹತ್ತಿ ನಿಂತಿತು. ನಂಜುಂಡಯ್ಯನವರು ಮಂಡಿಯೂರಿ, ಕೆನ್ನೆಯನ್ನು ಟೈರಿನ ಮುಂಬದಿಗೆ ಒತ್ತಿ, ಹಾಗೆಯೇ ನಿಂತುಬಿಟ್ಟರು. ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದ ಪ್ರದೀಪ, ಅವರು ಜೀಪಿಗೆ ನಮಸ್ಕರಿಸುತ್ತಿದ್ದಾರೆಂದುಕೊಂಡು, "ಸೂಪರ್ ಸಾರ್, ಹಂಗೇ ಇರಿ!" ಎಂದ. ಅವರು ಹಾಗೆಯೇ ಇದ್ದರು. ಬೇರೆ ದಾರಿ ಇರಲಿಲ್ಲ.

ಮುಖ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದಾಗ ನಾವು ಕೂಗಿಕೊಂಡೆವು. ವೆಂಕಟರವಣಪ್ಪ ಬ್ರೇಕು ತುಳಿದೇ ಕೂತಿದ್ದ. ಗಂಟು ಬಿಚ್ಚೋಣವೆಂದರೆ ತೀರ್ಥ ಬಿದ್ದು ಒದ್ದೆಯಾಗಿ ಕಲ್ಲಾಗಿತ್ತು.

"ರಿವರ್ಸ್ ತಗೊಳ್ಳಣ್ಣ!" ಎಂದು ಪ್ರದೀಪ ಕಿರುಚಿದ.

"ಪೂಜೆ ಆದ ಗಾಡೀನ ಹಿಂದಕ್ಕೆ ಬಿಡ್ತಾರೇನಪ್ಪಾ? ಅದೂ ಅಲ್ದೆ ಇಲ್ಲಿ ಇಳಿಜಾರು, ಹ್ಯಾಂಡ್‌ಬ್ರೇಕ್ ನಿಲ್ಲಲ್ಲ. ಕಾಲೆತ್ತಿದ್ರೆ ಮುಂದಕ್ಕೇ ಹೋಗ್ತದೆ!"

ಶಕುನದ ಮಾತು ಹಾಗಿರಲಿ, ಇಳಿಜಾರಿನ ಮಾತು ಸತ್ಯವಾಗಿತ್ತು. ಚಕ್ರಕ್ಕೆ ಒಂದು ಕಲ್ಲು ಕೊಡಬಹುದಿತ್ತು ಎಂಬುದು ನನಗೆ ಹೊಳೆದದ್ದು ಮಾರನೆಯ ದಿನ ಸ್ನಾನ ಮಾಡುವಾಗ. ಆ ಕ್ಷಣಕ್ಕೆ ಉಳಿದದ್ದು ಶಲ್ಯ ಕೊಯ್ಯುವುದೊಂದೇ. ಜಿಲ್ಲೆಯಲ್ಲೇ ಅಷ್ಟು ಪರೀಕ್ಷೆಗೊಳಗಾದ ಮೂರು ಚೂರಿಗಳು ಕೈಯಳತೆಯಲ್ಲೇ ಇದ್ದವು.

ಪ್ರದೀಪ ತನ್ನದನ್ನು ಎತ್ತಿಕೊಂಡು ಬಿಡಿಸಿದ. ಬಾಟಲಿ ಓಪನರು ಬಂತು. ಮತ್ತೆ ಬಿಡಿಸಿದ, ಸ್ಕ್ರೂಡ್ರೈವರು ಬಂತು. "ಕುಂಕುಮ ತುಂಬ್ಕೊಂಡಿದೆ ಬಾಸ್, ಬ್ಲೇಡ್ ಬರ್ತಾ ಇಲ್ಲ!" ನಜೀರ್ ಸಾಬರು ತಮ್ಮ ಚೂರಿ ಹಿಡಿದು ಬಗ್ಗಿದರು, ಶಲ್ಯವನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. "ಅರೆ, ಅಸಲಿ ರೇಷ್ಮೆ ಸಾರ್ ಇದು! ಬಾರ್ಡರ್ ಬಿಟ್ಟು ಕೊಯ್ಯಣಾ, ಹೆಂಗೆ?" ಸೀಟಿನಲ್ಲಿ ಬ್ರೇಕು ತುಳಿದು ಕೂತಿದ್ದ ವೆಂಕಟರವಣಪ್ಪ ಅಲ್ಲಿಂದಲೇ, "ನನ್ ಚೂರಿ ಮಾತ್ರ ಮುಟ್ಬೇಡ್ರಪ್ಪಾ, ನಾಳೆ ತನಕ ಎತ್ತಂಗಿಲ್ಲ!" ಎಂದು ಕೂಗಿದ.

ಆಮೇಲೆ ನಡೆದದ್ದನ್ನು ನಾನು ಈಗಲೂ ಕಣ್ಣು ಮುಚ್ಚಿದರೆ ನೋಡುತ್ತೇನೆ. ಪ್ರದೀಪನೂ ನಜೀರ್ ಸಾಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. "ಸಾರ್, ನೀವೇ ಹೇಳಿ, ಯಾವ್ದ್ರಲ್ಲಿ ಕೊಯ್ಯಣ?"

ಮನುಷ್ಯನಾದವನು 'ಯಾವುದರಲ್ಲಾದರೂ' ಎನ್ನುತ್ತಿದ್ದ. ನಾನು ತೀರ್ಪುಗಾರ. "ಒದ್ದೆ ರೇಷ್ಮೆ ಮೇಲೆ ನಾವು ಪರೀಕ್ಷೆ ಮಾಡಿಲ್ವಲ್ಲ," ಎಂದೆ.

ಮ್ಯಾನೇಜರು ನಮ್ಮ ಮೇಲಿನ ಭರವಸೆಯನ್ನು ಬಿಟ್ಟದ್ದು ಆಗಲೇ ಇರಬೇಕು. ಅವರ ಕೈ ಗಾಳಿಯಲ್ಲಿ ತಡಕಾಡಿ ಸ್ಟೂಲಿಗೆ ಬಡಿಯಿತು, ತಟ್ಟೆ ಉರುಳಿತು. ತಟ್ಟೆಯಲ್ಲಿ ಉಳಿದಿದ್ದ, ಮಡಿಸದೆ ಬಿಟ್ಟ ಮಂಚೇನಹಳ್ಳಿ ಚೂರಿ ಅವರ ಅಂಗೈಗೆ ಸಿಕ್ಕಿತು. ಎರಡೂ ಕೈಯಲ್ಲಿ ಗರಗಸದಂತೆ ಎಳೆದರು. ಟೊಮೊಟೊಗೆ ಸೋತಿದ್ದ ಚೂರಿ ಅಸಲಿ ರೇಷ್ಮೆಯನ್ನು, ಬಾರ್ಡರ್ ಸಮೇತ, ಪರ್ರೆಂದು ಹರಿದುಹಾಕಿತು. ನಂಜುಂಡಯ್ಯನವರು ಹಿಂದಕ್ಕೆ ಬಿದ್ದು, ಕೆಮ್ಮಿ, ಉಸಿರೆಳೆದು, "ಯಾವನ್ದೋ ಈ ಚೂರಿ?" ಎಂದರು.

"ನಂದೇ ಸಾರ್! ನಾನ್ ಹೇಳ್ತಾನೇ ಇರ್ಲಿಲ್ವಾ?" ಎಂದು ಸೀಟಿನಿಂದ ಧ್ವನಿ ಬಂತು. ಸಾಣೆ ಹಿಡಿದುಕೊಟ್ಟದ್ದು ತಾನೆಂದು ನಜೀರ್ ಸಾಬರು ನೆನಪಿಸಿದರು. ಪ್ರದೀಪ ಅಂಕಗಳನ್ನು ಹೊಸದಾಗಿ ಹಾಕುವುದಾದರೆ ತನ್ನ ಆಕ್ಷೇಪಣೆ ಇದೆ ಎಂದ. ಮಾತಿನ ಭರದಲ್ಲಿ ವೆಂಕಟರವಣಪ್ಪ ಬ್ರೇಕಿನಿಂದ ಕಾಲೆತ್ತಿದ. ಜೀಪು ಒಂದು ಗೇಣು ಮುಂದಕ್ಕೆ ಬಂದು, ಈಗಷ್ಟೇ ಮ್ಯಾನೇಜರ ಕೆನ್ನೆ ಇದ್ದ ಜಾಗದ ಮೇಲೆ ನಿಂತಿತು.

ಆ ಗೇಣು ನನ್ನನ್ನು ಬಿಟ್ಟಿಲ್ಲ. ಕುತ್ತಿಗೆ ಯಾರದೋ ಅವರ ಕೈಯಲ್ಲಿ ಮಾತ್ರ ಚೂರಿಗೆ ಹರಿತ ಬರುತ್ತದೆ, ಬೇರೆಯವರ ಕೈಯಲ್ಲಿ ಅದಕ್ಕೆ ಬರುವುದು ಬರೀ ಹೆಸರು. ಇದನ್ನು ತಿಳಿದ ಮೇಲೂ ನಾನು ಮಾಡಿದ್ದೇನು? ಒಂದು ಚೂರಿ ಕೊಂಡೆ. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಒದ್ದೆ ರೇಷ್ಮೆ ಕೊಯ್ಯುವ ಅಭ್ಯಾಸ ಶುರುಮಾಡಿದೆ. ಮೊದಲು ಹಳೆಯ ರವಿಕೆ ಬಟ್ಟೆಗಳು ಮುಗಿದವು, ಆಮೇಲೆ ನನ್ನ ಮದುವೆಯ ಪಂಚೆ. ಹೆಂಡತಿ ಸುಮಾ ತನ್ನ ಸೀರೆಗಳ ಬೀರುವಿಗೆ ಬೀಗ ಹಾಕಿದಳು.

"ಕುತ್ತಿಗೆ ಸಿಕ್ಕೊಂಡಿದ್ದು ಆಯಪ್ಪಂದು, ಉಸಿರು ಕಟ್ತಿರೋದು ನಿಮ್ಗಾ?" ಎಂದಳು.

ಅವಳ ಮಾತು ಸುಳ್ಳಲ್ಲ. ನಂಜುಂಡಯ್ಯನವರು ಚಿಕ್ಕಬಳ್ಳಾಪುರದ ಮೀಟಿಂಗಿಗೆ ಹೋದರೂ ಗೌರಿಬಿದನೂರಿನ ಬೀಗರ ಮನೆಗೆ ಹೋದರೂ ಆ ಕಥೆಯನ್ನು ರಸವತ್ತಾಗಿ ಹೇಳುತ್ತಾರೆ. ಅದರಲ್ಲಿ ಅವರು, ಜೀಪು, ಚೂರಿ ಇಷ್ಟೇ ಬರುತ್ತವೆ. ನಾವು ಯಾರೂ ಬರುವುದಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

ನಾಳೆ ಮತ್ತೆ ಆಯುಧಪೂಜೆ. ನಿನ್ನೆ ಮ್ಯಾನೇಜರು ನನ್ನನ್ನು ಕರೆದು, "ಈ ಸಲ ಪೂಜೆ ನೀವೇ ಮಾಡ್ಬೇಕು ಕಣ್ರೀ, ಹಿರಿಯರು. ಶಲ್ಯಾನೂ ತರ್ಸಿದೀನಿ," ಎಂದು ಬಹಳ ಪ್ರೀತಿಯಿಂದ ನಕ್ಕರು. ಇವತ್ತು ಸಂಜೆ ನಜೀರ್ ಸಾಬರು ಪೂಜೆಗೆ ಚೂರಿಗಳನ್ನು ಒಟ್ಟುಮಾಡುತ್ತ ಮನೆಗೆ ಬಂದರು.

"ಏನ್ ಮಾಡ್ತೀರಿ? ತಟ್ಟೇಲಿ ಇಡ್ತೀರೋ, ಜೇಬಲ್ಲಿ ಇಟ್ಕೊಂತೀರೋ?" ಎಂದಳು ಸುಮಾ.

ಚೂರಿಗೆ ಪೂಜೆ ತಪ್ಪಿಸಬಾರದು, ಒಳ್ಳೆಯದಲ್ಲ. ನನ್ನ ಚೂರಿಯನ್ನು ತೊಳೆದು, ಒರೆಸಿ, ನಜೀರ್ ಸಾಬರ ಕೈಯಲ್ಲಿ ಕಳಿಸಿಕೊಟ್ಟಿದ್ದೇನೆ. ನನಗೆ ನಾಳೆ ಜ್ವರ.